ಅಂಕಿಗಳ ಹಾರ ಕಟ್ಟಿದ ಮಹಾವೀರಾಚಾರ್ಯ

ನೃಪತುಂಗನೆಂದೊಡನೆ ನಮ್ಮವರ ಬಾಯಿಗೆ ಬರುವುದು ಕವಿರಾಜಮಾರ್ಗ. ರಾಜ್ಯೋತ್ಸವ ಬಂದಾಗಲೆಲ್ಲ ನಾವು ಅದನ್ನು ನೆನೆಯುತ್ತೇವೆ, ನೆನೆಯತಕ್ಕದ್ದೇ. ಆದರೆ ಅದೇ ದೊರೆಯ ಕಾಲದಲ್ಲಿ, 850ರ ಸುಮಾರಿಗೆ, ಸಂಸ್ಕೃತದಲ್ಲಿ ರಚಿತವಾದ ಗಣಿತಸಾರಸಂಗ್ರಹವನ್ನು ನಮ್ಮಲ್ಲಿ ಎಷ್ಟು ಮನೆಗಳವರು ಬಲ್ಲರು? ಅದನ್ನು ಬರೆದವನು ಮಹಾವೀರಾಚಾರ್ಯ.

ಆಚಾರ್ಯನು ಜೈನ. ತನ್ನ ಊರು ಮನೆತನಗಳ ಮಾತನ್ನೇ ಎತ್ತದೆ, ಜಿನನಿಗೆ ವಂದಿಸಿ, ಅಮೋಘವರ್ಷ ನೃಪತುಂಗನನ್ನು ಹೊಗಳಿ, ಲೆಕ್ಕಕ್ಕೆ ಕೈಹಾಕುತ್ತಾನೆ. ಆ ದೊರೆಯ ರಾಜಧಾನಿ ಮಾನ್ಯಖೇಟ, ಎಂದರೆ ಕಲಬುರಗಿ ಜಿಲ್ಲೆಯ ಮಳಖೇಡ. ಆದಕಾರಣ ವಿದ್ವಾಂಸರು ಆಚಾರ್ಯನನ್ನು ಕನ್ನಡನಾಡಿನವನೆಂದೇ ಎಣಿಸುತ್ತಾರೆ. ಅಡಿಗೆ, ವೈದ್ಯ, ಸಂಗೀತ, ಮನೆ ಕಟ್ಟುವ ಕೆಲಸ, ಯಾವುದರಲ್ಲಿಯೂ ಗಣಿತವಿಲ್ಲದೆ ನಡೆಯದೆಂಬುದು ಅವನ ನಿಲುವು. ಅವನ ಬಾಳನ್ನು ನಾವು ಅವನ ಲೆಕ್ಕಗಳಲ್ಲಿಯೇ ಓದಬೇಕು.

ಅವನಿಗೆ ದೊಡ್ಡ ಸಂಖ್ಯೆಗಳಲ್ಲಿ ಬಲು ಆಸೆ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಕೆಲವು ಗುಣಲಬ್ಧಗಳನ್ನು ಕಂಠಾಭರಣವೆಂದು ಕರೆಯುತ್ತಾನೆ; ಅವು ಎಡದಿಂದಲೂ ಬಲದಿಂದಲೂ ಒಂದೇ. 27994681ನ್ನು 441ರಿಂದ ಗುಣಿಸಿದರೆ ಬರುವ 12345654321 ಅಂಥದೇ ಒಂದು ಹಾರ. ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತದೆ. ನಮ್ಮ ರೂಢಿಯಲ್ಲಿ 1234 ಕೋಟಿ 56 ಲಕ್ಷ 54 ಸಾವಿರದ 321. ಆಚಾರ್ಯನ ಲೆಕ್ಕದಲ್ಲಿ ಅದರ ಮೊದಲ ಅಂಕಿ ಅರ್ಬುದದ ಸ್ಥಾನದ್ದು. ನಾವೂ ಸೀಸದಕಡ್ಡಿ ಹಿಡಿದು ಗುಣಿಸಿ ನೋಡಿದೆವು. ಮೊದಲ ಸಲ ತಪ್ಪಿತು. ತಪ್ಪು ನಮ್ಮದು, ಆಚಾರ್ಯನದಲ್ಲ.

ಇದರ ಗುಟ್ಟು ಸೊಗಸಾದದ್ದು. 27994681 ಎಂಬುದು 5291ರ ವರ್ಗ, 441 ಎಂಬುದು 21ರ ವರ್ಗ. 5291ನ್ನು 21ರಿಂದ ಗುಣಿಸಿದರೆ 111111. ಆದ್ದರಿಂದ ನಮ್ಮ ಹಾರವು ಆರು ಒಂದುಗಳ ಸಂಖ್ಯೆಯ ವರ್ಗವೇ ಸರಿ. 111111ನ್ನು ಆರು ಸಲ, ಪ್ರತಿ ಸಾಲಿನಲ್ಲಿ ಒಂದೊಂದು ಮನೆ ಎಡಕ್ಕೆ ಸರಿಸಿ ಬರೆದು ಕೂಡಿಸಿರಿ. ಕಂಬಸಾಲುಗಳ ಮೊತ್ತ ಒಂದು, ಎರಡು ಎಂದು ಆರರವರೆಗೆ ಬೆಳೆದು ಹಾಗೆಯೇ ಕುಗ್ಗುತ್ತದೆ. ಯಾವುದೂ ಒಂಬತ್ತನ್ನು ಮೀರದಿರುವುದರಿಂದ ಮುಂದಿನ ಮನೆಗೆ ದಶಕ ಒಯ್ಯುವ ಪ್ರಮೇಯವಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆ ನಡೆಯುತ್ತದೆ. ಹತ್ತನೆಯದು ಸೇರಿತೋ, ದಾರ ಹರಿಯಿತು. ಮಕ್ಕಳಿಗೆ ಬರೆದು ತೋರಿಸಿದರೆ ಊಟವನ್ನೂ ಮರೆತು ಕೂರುತ್ತಾರೆ.

ಹೊಗಳುವ ಭರದಲ್ಲಿ ಒಂದನ್ನು ಮುಚ್ಚಿಡಬಾರದು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುವುದೆಂದು ಆಚಾರ್ಯನು ಬರೆದನು, ಅದು ತಪ್ಪು. ಆದರೆ ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅಷ್ಟು ಹಿಂದೆಯೇ ಕಂಡುಕೊಂಡವನೂ ಅವನೇ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದರು. ಕನ್ನಡ ಅನುವಾದದೊಡನೆ ಹೊಂಬುಜದ ಜೈನ ಮಠದಿಂದ ಹೊರಬಂದದ್ದು 2000ದಲ್ಲಿ.