ಎಂಜಿನ್ ಬಡಿದರೆ ಬೈಗುಳ ಬ್ಯಾಟರಿಗೆ

ಕಳೆದ ಡಿಸೆಂಬರ್‌ನ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಗೆಳೆಯನ ವಾಟ್ಸ್‌ಆ್ಯಪ್ ಕರೆ ಬಂತು. ನಾವಿಬ್ಬರೂ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿದವರು. ಅವನು ಸಾಲ ಮಾಡಿ ಎಂ.ಎಸ್. ಓದಲು ಅಮೆರಿಕದ ಓಹಿಯೊ ರಾಜ್ಯಕ್ಕೆ ಹೋದ. ನಾನು ಕೆಲಸಕ್ಕೆ ಅರ್ಜಿ ಹಾಕುತ್ತಾ ಸೋದರಮಾವನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದಿದ್ದೇನೆ. ಅವನಿರುವ ಕಡೆ ಬಸ್ಸು ಅಪರೂಪವಂತೆ. ಹಾಗಾಗಿ ಹದಿನಾರು ವರ್ಷ ಹಳೆಯದಾದ ಕಾರೊಂದನ್ನು ಕೊಂಡಿದ್ದ. ಸೆಪ್ಟೆಂಬರ್‌ನಲ್ಲಿ ಗ್ಯಾಲನ್‌ಗೆ 27 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ ಹನ್ನೊಂದೂವರೆ ಕಿಲೋಮೀಟರ್ ಕೊಡುತ್ತಿದ್ದ ಕಾರು, ಹಿಮ ಬೀಳುತ್ತಿದ್ದಂತೆ 19ಕ್ಕೆ ಇಳಿದಿತ್ತು. ಪ್ಲಗ್ ಬದಲಿಸಿದ. ಏರ್ ಫಿಲ್ಟರ್ ಬದಲಿಸಿದ. ಯಾರೋ ಹೇಳಿದರೆಂದು ಆಕ್ಸಿಜನ್ ಸೆನ್ಸರನ್ನೂ ಬದಲಿಸಿದ. ಮೂರು ವಾರದ ದಿನಸಿ ದುಡ್ಡು ಕರಗಿತು, ಮೈಲೇಜ್ ಮಾತ್ರ ಕದಲಲಿಲ್ಲ. ಮುಂದೆ ಏನು ಬದಲಿಸಲಿ ಎಂಬುದು ಅವನ ಪ್ರಶ್ನೆ.

ಪಕ್ಕದಲ್ಲೇ ಇದ್ದ ಮಾವ, ಬದಲಿಸಿದ್ದೆಲ್ಲ ಸರಿ, ಏನನ್ನಾದರೂ ಪರೀಕ್ಷೆ ಮಾಡಿದ್ದಾನಾ ಕೇಳು ಎಂದರು. ಮಾಡಿರಲಿಲ್ಲ.

ಆ ಮಾತಿನ ನಡುವೆ ಅವನ ವಿಳಾಸದ ಮೇಲೆ ನನ್ನ ಕಣ್ಣು ಹೋಯಿತು. ಡೇಟನ್ ನಗರಕ್ಕೆ ಅಂಟಿಕೊಂಡಿರುವ ಅವನ ಊರಿನ ಹೆಸರು ಕೆಟರಿಂಗ್. ಅದು ಮನುಷ್ಯನೊಬ್ಬನ ಹೆಸರು. ಆ ಮನುಷ್ಯ ಯಾರೆಂದು ಗೆಳೆಯನಿಗೂ ಗೊತ್ತಿರಲಿಲ್ಲ, ನನಗೂ ಅರ್ಧಂಬರ್ಧ. ನಂತರದ ಒಂದು ವಾರ ಅರ್ಜಿಗಳ ನಡುವೆ ಅವರ ಬಗ್ಗೆಯೇ ಓದಿದೆ.

ಚಾರ್ಲ್ಸ್ ಫ್ರ್ಯಾಂಕ್ಲಿನ್ ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅದೇ ಓಹಿಯೊದ ಲೌಡನ್‌ವಿಲ್ ಬಳಿಯ ಒಂದು ರೈತ ಮನೆಯಲ್ಲಿ. ಹುಡುಗ ಓದಿನಲ್ಲಿ ಚುರುಕು, ಕಣ್ಣು ಮಾತ್ರ ಮಂದ. ಸ್ವಲ್ಪ ಹೊತ್ತು ಪುಸ್ತಕ ಹಿಡಿದರೆ ತಲೆನೋವು. ಶಾಲೆ ಮುಗಿಸಿ ಹಳ್ಳಿಯ ಮಕ್ಕಳಿಗೆ ಮೇಷ್ಟ್ರಾದರು. ಓಹಿಯೊ ಸ್ಟೇಟ್ ಯೂನಿವರ್ಸಿಟಿಗೆ ಎಂಜಿನಿಯರಿಂಗ್ ಓದಲು ಸೇರಿದ ಮೇಲೆ ಕಣ್ಣು ಮತ್ತೆ ಕೈಕೊಟ್ಟಿತು. ಓದು ಅರ್ಧಕ್ಕೇ ನಿಂತಿತು. ಟೆಲಿಫೋನ್ ಕಂಪನಿಯೊಂದರ ಲೈನ್ ಗ್ಯಾಂಗ್ ಸೇರಿ, ಕಂಬ ನೆಟ್ಟು ತಂತಿ ಎಳೆಯುವ ಕೆಲಸಕ್ಕೆ ಇಳಿದರು. ವರ್ಷಗಳ ನಂತರ ಮತ್ತೆ ಕಾಲೇಜಿಗೆ ಮರಳಿದಾಗ ಜೊತೆಗಿದ್ದ ಹುಡುಗರು ಪಾಠವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಇವರು ಕೇಳಿ ಕಲಿತರು. ಡಿಗ್ರಿ ಕೈಗೆ ಬಂದಿದ್ದು 1904ರಲ್ಲಿ, ವಯಸ್ಸು ಇಪ್ಪತ್ತೆಂಟರ ಹೊಸ್ತಿಲಲ್ಲಿದ್ದಾಗ. ಇಂದಿನ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೂತಿದ್ದರೆ, ನಡುವಿನ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಯಲ್ಲೇ ಅವರ ಕಥೆ ಮುಗಿಯುತ್ತಿತ್ತೇನೋ!

ಮೊದಲ ಕೆಲಸ ಡೇಟನ್‌ನ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಯ ಗಲ್ಲಾಪೆಟ್ಟಿಗೆ ಯಂತ್ರವನ್ನು ಅಲ್ಲಿಯವರೆಗೆ ಕೈಯಿಂದ ತಿರುಗಿಸಬೇಕಿತ್ತು. ಕೆಟರಿಂಗ್ ಅದಕ್ಕೊಂದು ಪುಟ್ಟ ಮೋಟಾರು ಕೂಡಿಸಿದರು. ಕೇಳಲು ಸಣ್ಣ ಸಂಗತಿ. ಆದರೆ ಅವರ ಮುಂದಿನ ಬದುಕೆಲ್ಲ ಈ ಮೋಟಾರಿನಿಂದಲೇ ಹೊರಟಿದ್ದು. ಅದೇ ಕಂಪನಿಯಲ್ಲಿದ್ದ ಎಡ್ವರ್ಡ್ ಡೀಡ್ಸ್ ಎಂಬುವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೆಲವು ಗೆಳೆಯರು ಸಂಜೆ ಹೊತ್ತು, ರಜೆಯ ದಿನ ಸೇರಿ ಕಾರಿನ ಇಗ್ನಿಷನ್ ಮೇಲೆ ಕೆಲಸ ಮಾಡತೊಡಗಿದರು. ಬ್ಯಾಟರಿಯಿಂದ ಕಿಡಿ ಕೊಡುವ ಅವರ ವ್ಯವಸ್ಥೆಯನ್ನು ಕ್ಯಾಡಿಲ್ಯಾಕ್ ಕಂಪನಿ ಒಪ್ಪಿತು. 1909ರಲ್ಲಿ ಕೆಟರಿಂಗ್ ಕೆಲಸ ಬಿಟ್ಟು ಡೀಡ್ಸ್ ಜೊತೆ ಸ್ವಂತ ಕಂಪನಿ ಕಟ್ಟಿದರು. ನಮ್ಮ ಗ್ಯಾರೇಜಿನ ಹಳೆಯ ಡಬ್ಬಿಗಳ ಮೇಲೆ ಈಗಲೂ ಕಾಣುವ ಡೆಲ್ಕೊ ಎಂಬ ಹೆಸರು ಆ ಕಂಪನಿಯದ್ದೇ.

ಆಗಿನ ಕಾರುಗಳನ್ನು ಸ್ಟಾರ್ಟ್ ಮಾಡುವುದೆಂದರೆ ಮುಂದೆ ನಿಂತು ಹ್ಯಾಂಡಲ್ ಹೊಡೆಯುವುದು. ಚಳಿಗಾಲದಲ್ಲಿ ಆಯಿಲ್ ಗಟ್ಟಿಯಾಗಿ ಹ್ಯಾಂಡಲ್ ಅಲುಗುತ್ತಲೇ ಇರಲಿಲ್ಲ. ಅಲುಗಿ ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯಿತೆಂದೇ ಲೆಕ್ಕ. ಕ್ಯಾಡಿಲ್ಯಾಕ್ ಮುಖ್ಯಸ್ಥ ಹೆನ್ರಿ ಲೀಲ್ಯಾಂಡ್ ಅವರಿಗೆ ಈ ಹ್ಯಾಂಡಲ್ ಕಾಟದಿಂದ ಮುಕ್ತಿ ಬೇಕಿತ್ತು. ಕಾರನ್ನು ಮೋಟಾರಿನಿಂದ ಸ್ಟಾರ್ಟ್ ಮಾಡುವುದಾದರೆ ಆ ಮೋಟಾರು ಹೊರಲಾಗದಷ್ಟು ದೊಡ್ಡದಾಗುತ್ತದೆ ಎಂಬುದು ತಜ್ಞರ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ, ದಿನವಿಡೀ ತಿರುಗುವ ಮೋಟಾರಿಗೆ ಅದು ಸರಿ. ಗಲ್ಲಾಪೆಟ್ಟಿಗೆಯ ಮೋಟಾರು ಮಾಡಿದ್ದವರಿಗೆ ಬೇರೆಯೇ ಹೊಳೆಯಿತು: ಎಂಜಿನ್ ಹತ್ತಲು ಬೇಕಿರುವುದು ಕೆಲವೇ ಸೆಕೆಂಡು. ಅಷ್ಟು ಹೊತ್ತು ಸಣ್ಣ ಮೋಟಾರಿನ ಮೇಲೆ ಮಿತಿ ಮೀರಿ ಭಾರ ಹಾಕಿದರೂ ಅದು ಸುಡುವುದಿಲ್ಲ. 1911ರ ಫೆಬ್ರುವರಿಯಲ್ಲಿ ಸ್ಟಾರ್ಟರ್ ತಯಾರಾಯಿತು, 1912ರ ಮಾದರಿಯ ಕ್ಯಾಡಿಲ್ಯಾಕ್‌ಗಳಲ್ಲಿ ಬಂತು. ಆ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡುವ ಜನರೇಟರ್, ಅದೇ ಕರೆಂಟಿನಿಂದ ಉರಿಯುವ ದೀಪ, ಇಗ್ನಿಷನ್ ಎಲ್ಲವೂ ಒಂದೇ ವ್ಯವಸ್ಥೆಯೊಳಗೆ. ಇವತ್ತು ನಾವು ಕೀ ತಿರುಗಿಸಿದಾಗ ಬರುವ ಆ ಸದ್ದು ಅಲ್ಲಿಂದ ಬಂದದ್ದು.

ಇಲ್ಲಿಂದ ಮುಂದಿನ ಭಾಗವೇ ನನ್ನನ್ನು ಹೆಚ್ಚು ಹಿಡಿದು ಕೂರಿಸಿದ್ದು. ಕ್ಯಾಡಿಲ್ಯಾಕ್ ಎಂಜಿನ್‌ಗಳು ಏರು ಹತ್ತುವಾಗ ಒಳಗೆ ಸುತ್ತಿಗೆಯಿಂದ ಬಡಿದಂತೆ ಸದ್ದು ಮಾಡುತ್ತಿದ್ದವು. ನಾವು ಗ್ಯಾರೇಜಿನಲ್ಲಿ ನಾಕಿಂಗ್ ಎನ್ನುತ್ತೇವಲ್ಲ, ಅದು. ಜನ ಕೂಡಲೇ ಹೊಸದಾಗಿ ಬಂದಿದ್ದ ಬ್ಯಾಟರಿ ಇಗ್ನಿಷನ್ ಕಡೆ ಬೆರಳು ತೋರಿಸಿದರು. ಹೊಸಬ ಬಂದ ಮನೆಯಲ್ಲಿ ಲೋಟ ಒಡೆದರೂ ಹೊಸಬನದ್ದೇ ತಪ್ಪು. ಬೇರೆಯವರಾಗಿದ್ದರೆ ಬೈಗುಳ ತಪ್ಪಿಸಿಕೊಳ್ಳಲು ಏನಾದರೊಂದನ್ನು ಬದಲಿಸಿ ಕೊಡುತ್ತಿದ್ದರು. ಕೆಟರಿಂಗ್ ಮಾತ್ರ ತಪ್ಪು ನಿಜಕ್ಕೂ ಎಲ್ಲಿದೆ ಎಂದು ಹುಡುಕಲು ಕೂತರು.

ಸುಳಿವು ಸಿಕ್ಕಿದ್ದು ಇನ್ನೊಂದು ಯಂತ್ರದಲ್ಲಿ. ಕರೆಂಟ್ ಇಲ್ಲದ ಹಳ್ಳಿ ಮನೆಗಳಿಗಾಗಿ ಅವರು ಡೆಲ್ಕೊ ಲೈಟ್ ಎಂಬ ಸಣ್ಣ ಜನರೇಟರ್ ಮಾಡಿದ್ದರು. ಅದರ ಎಂಜಿನ್‌ಗೆ ಸೀಮೆಎಣ್ಣೆ ಹಾಕಿದರೆ ನಾಕಿಂಗ್ ಜೋರು, ಪೆಟ್ರೋಲ್ ಹಾಕಿದರೆ ಕಡಿಮೆ. ಬದಲಾಗಿದ್ದು ಇಂಧನ ಒಂದೇ. 1916ರಲ್ಲಿ ಈ ಕೆಲಸವನ್ನು ಥಾಮಸ್ ಮಿಜ್ಲಿ ಎಂಬ ಯುವ ಎಂಜಿನಿಯರ್‌ಗೆ ಒಪ್ಪಿಸಿದರು. ಸಿಲಿಂಡರಿನೊಳಗಿನ ಒತ್ತಡವನ್ನು ಅಳೆದು ನೋಡಿದಾಗ, ಆ ಬಡಿತ ಕಿಡಿ ಹತ್ತುವ ಮೊದಲಲ್ಲ, ಹತ್ತಿದ ನಂತರ ಆಗುತ್ತಿದೆ ಎಂಬುದು ಕಂಡಿತು. ಇಗ್ನಿಷನ್ ನಿರಪರಾಧಿ. ಉಳಿದ ಇಂಧನ ಒಮ್ಮೆಗೇ ಸಿಡಿಯುತ್ತಿತ್ತು.

ಹಾಗಾದರೆ ಸೀಮೆಎಣ್ಣೆ ಯಾಕೆ ಸಿಡಿಯುತ್ತದೆ? ಇಲ್ಲಿ ಒಂದು ತಮಾಷೆಯ ತಿರುವಿದೆ. ಅಮೆರಿಕದ ಕಾಡುಗಳಲ್ಲಿ ಹಿಮದಡಿಯಲ್ಲೇ ಹೂಬಿಡುವ ಗಿಡವೊಂದಿದೆ, ಅದರ ಎಲೆಯ ಬೆನ್ನು ಕೆಂಪು. ಕೆಂಪು ಬಣ್ಣ ಶಾಖ ಹೀರಿಕೊಳ್ಳುವುದರಿಂದ ಅದು ಬೇಗ ಅರಳುತ್ತದೆ, ಇಂಧನಕ್ಕೂ ಕೆಂಪು ಬಣ್ಣ ಬೆರೆಸಿದರೆ ಬೇಗ ಆವಿಯಾಗಿ ಚೆನ್ನಾಗಿ ಉರಿಯಬಹುದು ಎಂದು ಊಹಿಸಿದರು. ಮಿಜ್ಲಿ ಹುಡುಕಿದಾಗ ಕೈಗೆ ಸಿಕ್ಕಿದ್ದು ಬಣ್ಣವಲ್ಲ, ಅಯೋಡಿನ್. ಹಾಕಿದರೆ ನಾಕಿಂಗ್ ತಗ್ಗಿತು! ನಾನಾಗಿದ್ದರೆ ಅಲ್ಲೇ ಕುಣಿದು ಲ್ಯಾಬಿಗೆ ಬೀಗ ಹಾಕುತ್ತಿದ್ದೆ. ಅವರು ಮತ್ತೆ ನಿಜವಾದ ಕೆಂಪು ಬಣ್ಣಗಳನ್ನು ತಂದು ಹಾಕಿ ನೋಡಿದರು. ಏನೂ ಆಗಲಿಲ್ಲ. ಊಹೆ ಸುಳ್ಳಾಯಿತು, ಆದರೆ ಇಂಧನಕ್ಕೆ ಚೂರು ರಾಸಾಯನಿಕ ಬೆರೆಸಿದರೂ ನಾಕಿಂಗ್ ತಗ್ಗಿಸಬಹುದು ಎಂಬುದು ಖಚಿತವಾಯಿತು.

ಇದಕ್ಕೂ ಮೈಲೇಜಿಗೂ ಏನು ಸಂಬಂಧ ಎನ್ನಬಹುದು. ಸಿಲಿಂಡರಿನಲ್ಲಿ ಗಾಳಿ ಮತ್ತು ಪೆಟ್ರೋಲನ್ನು ಹೆಚ್ಚು ಒತ್ತಿದಷ್ಟೂ ಅದೇ ಹನಿಯಿಂದ ಹೆಚ್ಚು ಕೆಲಸ ತೆಗೆಯಬಹುದು. ಹೆಚ್ಚು ಒತ್ತಿದರೆ ನಾಕಿಂಗ್. ಹಾಗಾಗಿ ಆಗಿನ ಎಂಜಿನ್‌ಗಳು ಕಡಿಮೆ ಒತ್ತಿ, ಹೆಚ್ಚು ಕುಡಿಯುತ್ತಿದ್ದವು. ಪೆಟ್ರೋಲ್ ಬಾವಿಗಳು ಬೇಗ ಬತ್ತುತ್ತವೆ ಎಂಬ ಭಯವೂ ಆಗ ಅಮೆರಿಕದಲ್ಲಿತ್ತು. ಇಂದಿನ ಕಾರುಗಳಲ್ಲಿ ನಾಕ್ ಸೆನ್ಸರ್ ಇರುತ್ತದೆ. ಬಡಿತ ಕೇಳಿದ ಕೂಡಲೇ ಎಂಜಿನ್ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ, ಎಂಜಿನ್ ಉಳಿಯುತ್ತದೆ, ಮೈಲೇಜ್ ಇಳಿಯುತ್ತದೆ.

ಅಯೋಡಿನ್ ದುಬಾರಿ, ಲೋಹವನ್ನೂ ತಿನ್ನುತ್ತಿತ್ತು. ಅನಿಲಿನ್ ಬಂತು, ಸೆಲೆನಿಯಂ ಬಂತು. ಟೆಲ್ಯೂರಿಯಂ ಕೆಲಸ ಮಾಡಿತು, ಆದರೆ ಅದರ ಬೆಳ್ಳುಳ್ಳಿಯಂಥ ದುರ್ವಾಸನೆ ಮೈಗಂಟಿದರೆ ಬಿಡುತ್ತಿರಲಿಲ್ಲ. ಕೊನೆಗೆ 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಸಂಯುಕ್ತ ಸಿಕ್ಕಿತು. ಒಂದು ಚಿಟಿಕೆ ಸಾಕು. 1923ರ ಫೆಬ್ರುವರಿಯಲ್ಲಿ ಡೇಟನ್‌ನಲ್ಲೇ ಅದರ ಮಾರಾಟ ಶುರುವಾಯಿತು.

ಸೀಸ ವಿಷವೆಂಬುದು ಹೊಸ ಸಂಗತಿಯೇನಾಗಿರಲಿಲ್ಲ. ಮಿಜ್ಲಿ ಅವರೇ ಸೀಸದ ವಿಷವೇರಿ 1923ರ ಆರಂಭದಲ್ಲಿ ಫ್ಲಾರಿಡಾಕ್ಕೆ ವಿಶ್ರಾಂತಿಗೆ ಹೋಗಬೇಕಾಯಿತು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಸ್ಥಾವರದಲ್ಲಿ ಇದನ್ನು ತಯಾರಿಸುತ್ತಿದ್ದ ಕಾರ್ಮಿಕರಿಗೆ ಬುದ್ಧಿಭ್ರಮಣೆಯಾಯಿತು, ಐವರು ಸತ್ತರು. ಆಗ ಇದನ್ನು ಮಾರುತ್ತಿದ್ದ ಎಥಿಲ್ ಕಂಪನಿಯ ಅಧ್ಯಕ್ಷರು ಕೆಟರಿಂಗ್ ಅವರೇ. ಮಾರಾಟ ಸ್ವಲ್ಪ ಕಾಲ ನಿಂತಿತು, ವಿಚಾರಣೆ ನಡೆಯಿತು, 1926ರಲ್ಲಿ ಮತ್ತೆ ಶುರುವಾಯಿತು. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ತಗ್ಗುತ್ತದೆ ಎಂಬುದು ಅವರಿಬ್ಬರಿಗೂ ಗೊತ್ತಿತ್ತು. ಆದರೆ ಅದು ಹೆಚ್ಚು ಪ್ರಮಾಣದಲ್ಲಿ ಬೇಕು, ಯಾರು ಬೇಕಾದರೂ ಬಟ್ಟಿ ಇಳಿಸಬಹುದು. ಸೀಸದ ಪೇಟೆಂಟ್ ಒಂದೇ ಕೈಯಲ್ಲಿತ್ತು. ಆ ಮೇಲೆ ಹಲವು ದಶಕ ಜಗತ್ತಿನ ಮಕ್ಕಳೆಲ್ಲ ಆ ಹೊಗೆ ಕುಡಿದರು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿದ್ದು 2000ದಲ್ಲಿ. ಕೊನೆಯದಾಗಿ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ. ಈಗ ನಮ್ಮ ಬಂಕುಗಳಲ್ಲಿ ಎಥನಾಲ್ ಬೆರೆಸಿದ ಪೆಟ್ರೋಲ್ ಸಿಗುತ್ತಿದೆ. ಮೈಲೇಜ್ ಬರುತ್ತಿಲ್ಲ ಎಂದು ಗ್ಯಾರೇಜಿಗೆ ಬಂದು ಜಗಳ ಕಾಯುವವರನ್ನು ಕಂಡಾಗಲೆಲ್ಲ ನನಗೆ ಆ ಹಳೆಯ ಆಯ್ಕೆ ನೆನಪಾಗುತ್ತದೆ.

ತಪ್ಪು ಎಲ್ಲಿದೆ ಎಂದು ಅಷ್ಟು ತಾಳ್ಮೆಯಿಂದ ಹುಡುಕಿದವರು, ಕಾರ್ಮಿಕರು ಸತ್ತಾಗ ಅದೇ ಕಣ್ಣಿನಿಂದ ಯಾಕೆ ನೋಡಲಿಲ್ಲ? ಓದಿದಷ್ಟೂ ಅವರ ಮೇಲೆ ಮೆಚ್ಚುಗೆಯೂ ಹೆಚ್ಚಿತು, ಸಿಟ್ಟೂ ಹೆಚ್ಚಿತು.

ಅವರು ಸೋತದ್ದೂ ಉಂಟು. ಡೆಲ್ಕೊ ಜನರಲ್ ಮೋಟಾರ್ಸ್‌ನ ಪಾಲಾಗಿ, 1920ರಿಂದ ಅಲ್ಲಿನ ಸಂಶೋಧನಾ ವಿಭಾಗ ಕೆಟರಿಂಗ್ ಕೈಯಲ್ಲಿತ್ತು. ಚಳಿಗಾಲದಲ್ಲಿ ರೇಡಿಯೇಟರಿನ ನೀರು ಹೆಪ್ಪುಗಟ್ಟಿ ಒಡೆಯುವುದು ಆಗ ಎಲ್ಲರ ತಲೆನೋವು. ನೀರೇ ಬೇಡ, ಸಿಲಿಂಡರಿಗೆ ತಾಮ್ರದ ರೆಕ್ಕೆಗಳನ್ನು ಅಂಟಿಸಿ ಗಾಳಿಯಿಂದಲೇ ತಣಿಸೋಣ ಎಂದರು. 1923ರಲ್ಲಿ ಆ ಷೆವರ್ಲೆ ಕಾರು ಹೊರಬಂತು. ಬಿಸಿಲಿನಲ್ಲಿ ಕಾದು ಶಕ್ತಿ ಕಳೆದುಕೊಳ್ಳತೊಡಗಿತು. ಹೊರಗೆ ಹೋದ ಕೆಲವು ನೂರು ಕಾರುಗಳನ್ನು ಅದೇ ವರ್ಷ ಕಂಪನಿ ವಾಪಸ್ ಕರೆಸಿಕೊಂಡಿತು. ಚಳಿಯನ್ನು ಗೆಲ್ಲಲು ಹೋದವರು ಸೆಖೆಗೆ ಸೋತರು. ರಾಜೀನಾಮೆ ಕೊಡಲು ಮುಂದಾದರು, ಆಲ್ಫ್ರೆಡ್ ಸ್ಲೋನ್ ಒಪ್ಪಲಿಲ್ಲ. 1947ರವರೆಗೂ ಅಲ್ಲೇ ಇದ್ದರು. ಬೇಗ ಒಣಗುವ ಕಾರಿನ ಬಣ್ಣ, ರೈಲಿಗೆ ಹಗುರವಾದ ಡೀಸೆಲ್ ಎಂಜಿನ್ ಹೀಗೆ ಪಟ್ಟಿ ಉದ್ದ. 186 ಪೇಟೆಂಟ್‌ಗಳು ಅವರ ಹೆಸರಿನಲ್ಲಿವೆ. ನ್ಯೂಯಾರ್ಕಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದು ಸ್ಲೋನ್ ಮತ್ತು ಅವರ ಹೆಸರು ಹೊತ್ತಿದೆ. 1958ರ ನವೆಂಬರ್ 25ರಂದು ಡೇಟನ್‌ನಲ್ಲೇ ತೀರಿಕೊಂಡರು.

ಇನ್ನು ಗೆಳೆಯನ ಕಾರು. ಮಾವ ಹೇಳಿದಂತೆ ಅವನು ಮೊದಲು ಚಳಿಯ ಪಾಲನ್ನು ಲೆಕ್ಕ ಹಾಕಿದ. ಅಮೆರಿಕ ಸರ್ಕಾರದ ಮಾಹಿತಿಯ ಪ್ರಕಾರ, ಮೈನಸ್ 7 ಡಿಗ್ರಿಯಲ್ಲಿ ಊರೊಳಗೆ ಸಣ್ಣ ದೂರ ಓಡಿಸಿದರೆ 25 ಡಿಗ್ರಿಯಲ್ಲಿ ಬರುವ ಮೈಲೇಜಿಗಿಂತ ಸುಮಾರು ಶೇ 15 ಕಡಿಮೆ. ಮೂರು ನಾಲ್ಕು ಮೈಲಿಯ ಓಡಾಟವಾದರೆ ಶೇ 24ರವರೆಗೂ ಇಳಿಯಬಹುದು. ಆಯಿಲ್ ಗಟ್ಟಿ, ಗಾಳಿ ದಟ್ಟ, ಅಲ್ಲಿನ ಚಳಿಗಾಲದ ಪೆಟ್ರೋಲಿನಲ್ಲಿ ಶಕ್ತಿಯೂ ತುಸು ಕಡಿಮೆ. ಟೈರ್ ಗಾಳಿ ನೋಡಿದ, ನಾಲ್ಕರಲ್ಲೂ ಇಳಿದಿತ್ತು. ತುಂಬಿಸಿದ. ಆದರೂ 27ರಿಂದ 19 ಎಂದರೆ ಶೇ 30ರಷ್ಟು ಇಳಿಕೆ. ಬರೀ ಚಳಿಯಿಂದ ಅಷ್ಟಾಗದು.

ಹೀಟರ್ ಹೇಗಿದೆ ಎಂದು ಮಾವ ಕೇಳಿಸಿದರು. ಉಗುರುಬೆಚ್ಚಗೆ ಅಷ್ಟೇ, ಎಂಜಿನ್ ಬಿಸಿ ತೋರಿಸುವ ಮುಳ್ಳೂ ನಡುವಿನವರೆಗೆ ಏರುವುದಿಲ್ಲ ಎಂದ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಲು ಹೇಳಿದೆವು. ಥರ್ಮೋಸ್ಟಾಟ್ ಸರಿಯಿದ್ದರೆ ಆ ಹೋಸ್ ಹಲವು ನಿಮಿಷ ತಣ್ಣಗೇ ಇದ್ದು ಆಮೇಲೆ ಒಮ್ಮೆಗೇ ಬಿಸಿಯಾಗಬೇಕು. ಅವನದ್ದು ಮೊದಲ ನಿಮಿಷದಿಂದಲೇ ಬೆಚ್ಚಗಾಗತೊಡಗಿತ್ತು. ಥರ್ಮೋಸ್ಟಾಟ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿತ್ತು. ಎಂಜಿನ್ ಪೂರ್ತಿ ಬಿಸಿಯಾಗುತ್ತಿರಲಿಲ್ಲ, ಇನ್ನೂ ಚಳಿಯಲ್ಲಿದ್ದೇನೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಹೆಚ್ಚೆಚ್ಚು ಸುರಿಯುತ್ತಿತ್ತು. ಬೇಸಿಗೆಯಲ್ಲೂ ಅದು ಹಾಗೇ ಇದ್ದಿರಬಹುದು, ಸೆಖೆಯಲ್ಲಿ ಗೊತ್ತಾಗಿರಲಿಕ್ಕಿಲ್ಲ.

ಭಾನುವಾರ ಗೆಳೆಯರಿಬ್ಬರನ್ನು ಕರೆದುಕೊಂಡು ತಾನೇ ಬದಲಿಸಿದ. ಹಿಂದೆ ಹಾಕಿಸಿದ್ದ ಸೆನ್ಸರಿನ ಬೆಲೆಗೆ ಹೋಲಿಸಿದರೆ ಅದು ಚಿಲ್ಲರೆ ಕಾಸು. ಜನವರಿ ಕೊನೆಗೆ ಲೆಕ್ಕ ಕಳಿಸಿದ: 23. ಉಳಿದ ನಾಲ್ಕು ಮೈಲಿಗೆ ಏಪ್ರಿಲ್‌ವರೆಗೆ ಕಾಯಬೇಕು ಎಂದು ಮಾವ ಉತ್ತರ ಬರೆಸಿದರು.