ಬೇರ್ಡ್ ಮತ್ತು ನನ್ನ ಟ್ಯಾಂಕಿನ ಕ್ಯಾಮೆರಾ

ಟಿ.ವಿ. ಕಂಡುಹಿಡಿದವರು ಯಾರು? ಜೆ.ಎಲ್. ಬೇರ್ಡ್. ಒಂದು ಅಂಕ. ಪ್ರೈಮರಿ ಶಾಲೆಯಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಉರು ಹೊಡೆದ ಉತ್ತರ ಇದು. ಬಿ.ಇ. ಆರನೇ ಸೆಮಿಸ್ಟರ್‌ಗೆ ಬರುವವರೆಗೂ ಬೇರ್ಡ್ ನನ್ನ ಪಾಲಿಗೆ ಆ ಒಂದು ಸಾಲಷ್ಟೇ ಆಗಿದ್ದ. ಆ ಸಾಲಿನ ಹಿಂದಿದ್ದ ಮನುಷ್ಯನ ಪರಿಚಯ ಆಗಿದ್ದು ಒಂದು ಟ್ಯಾಂಕಿನಿಂದ.

ಟ್ಯಾಂಕಿಗೆ ಕ್ಯಾಮೆರಾ ಹಾಕ್ತೀನಿ ಅಂದಾಗ ನಮ್ಮ ಅವ್ವ ಮಾಳಿಗೆ ಮೇಲಿನ ನೀರಿನ ಟ್ಯಾಂಕ್ ಅಂದುಕೊಂಡಿದ್ದಳು. ಇದು ಯುದ್ಧದ ಟ್ಯಾಂಕಿನ ಪುಟ್ಟ ಮಾದರಿ, ಒಂದು ಮೊಳ ಉದ್ದ, ರಿಮೋಟಿನಿಂದ ಓಡುವಂಥದ್ದು. ಗೆಳೆಯನೊಬ್ಬ ಆಡಿ ಬಿಟ್ಟಿದ್ದನ್ನು ಅಗ್ಗಕ್ಕೆ ತಂದಿದ್ದೆ. ಮೊದಲು ಗೋಕಾಕ ತಾಲ್ಲೂಕಿನಲ್ಲೇ ಇದ್ದು ಈಗ ತಾನೇ ತಾಲ್ಲೂಕಾಗಿರುವ ಮೂಡಲಗಿ ನಮ್ಮೂರು. ನಮ್ಮ ಕಬ್ಬಿನ ಹೊಲಕ್ಕೆ ಕಾಲುವೆ ನೀರು ಬರುವ ಸಿಮೆಂಟ್ ಪೈಪು ರಸ್ತೆಯ ಅಡಿಯಲ್ಲಿ ಎಲ್ಲೋ ಕಟ್ಟಿಕೊಂಡಿತ್ತು. ಎಲ್ಲಿ ಅಂತ ಗೊತ್ತಾಗದೆ ಅಗೆಯುವುದು ಹೇಗೆ? ಟ್ಯಾಂಕಿನ ಮೇಲೆ ವೈರ್‌ಲೆಸ್ ಕ್ಯಾಮೆರಾ ಕೂರಿಸಿ ಒಳಗೆ ಬಿಟ್ಟರೆ ಅಪ್ಪನ ಕೆಲಸವೂ ಆಯಿತು, ನನ್ನ ಮಿನಿ ಪ್ರಾಜೆಕ್ಟೂ ಆಯಿತು ಎಂಬ ಲೆಕ್ಕ. ಓದು ಬಿಟ್ಟು ಆಟಿಕೆ ಹಿಡಿದು ಕೂತಿದ್ದಾನೆ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದರಿಂದ ಇದು ಮರ್ಯಾದೆಯ ಪ್ರಶ್ನೆಯೂ ಆಗಿತ್ತು.

ಕ್ಯಾಮೆರಾ ಹೆಬ್ಬೆರಳಿನ ಉಗುರಿನಷ್ಟು. ಅದರ ಜೊತೆ 5.8 ಗಿಗಾಹರ್ಟ್ಸ್‌ನ, 25 ಮಿಲಿವ್ಯಾಟಿನ ಟ್ರಾನ್ಸ್‌ಮಿಟರ್. ಡ್ರೋನ್ ರೇಸಿನವರು ಬಳಸುವಂಥದ್ದೇ. ಟ್ಯಾಂಕ್ ನಿಂತಿದ್ದಾಗ ಚಿತ್ರ ಕನ್ನಡಿಯಂತೆ. ಓಡಲು ಶುರು ಮಾಡಿತೋ, ಪರದೆ ತುಂಬ ಅಡ್ಡಡ್ಡ ಗೆರೆಗಳು. ನಾಲ್ಕು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಟ್ಯಾಂಕನ್ನು ಚೀಲದಲ್ಲಿ ಹಾಕಿಕೊಂಡು ಹುಕ್ಕೇರಿಗೆ ಬಸ್ ಹತ್ತಿದೆ. ಅಲ್ಲಿ ನಮ್ಮ ಮಾಮಾನ ಟಿ.ವಿ. ರಿಪೇರಿ ಅಂಗಡಿ ಇದೆ. ಅವನು ಟ್ಯಾಂಕ್ ಬಿಚ್ಚುವಷ್ಟರಲ್ಲಿ, ಪಿಕ್ಚರ್ ಟ್ಯೂಬಿನ ಹಳೆ ಟಿ.ವಿ.ಗಳ ರಾಶಿಗೆ ಒರಗಿ ಕೂತು ಮೊಬೈಲಿನಲ್ಲಿ ಬೇರ್ಡ್‌ನ ಕಥೆ ಓದತೊಡಗಿದೆ. ಎರಡು ಸಲ ಚಹಾ ಬಂದರೂ ತಲೆ ಎತ್ತಲಿಲ್ಲ.

ಜಾನ್ ಲೋಗಿ ಬೇರ್ಡ್ ಹುಟ್ಟಿದ್ದು 1888ರ ಆಗಸ್ಟ್ 13ರಂದು, ಸ್ಕಾಟ್ಲೆಂಡಿನ ಹೆಲೆನ್ಸ್‌ಬರ್ಗ್ ಎಂಬ ಸಮುದ್ರ ದಂಡೆಯ ಊರಿನಲ್ಲಿ. ತಂದೆ ಪಾದ್ರಿ, ನಾಲ್ಕು ಮಕ್ಕಳಲ್ಲಿ ಇವನೇ ಕಿರಿಯ. ಚಿಕ್ಕಂದಿನಲ್ಲಿ ದೊಡ್ಡ ಕಾಯಿಲೆ ಬಿದ್ದವನು ಆಮೇಲೆ ಸಾಯುವವರೆಗೂ ನೆಗಡಿ, ಎದೆನೋವು, ಜ್ವರ ಬಿಟ್ಟು ಇರಲಿಲ್ಲ. ಆದರೆ ಕೈ ಸುಮ್ಮನಿರುವ ಹುಡುಗನಲ್ಲ. ರಸ್ತೆಯ ಮೇಲೆ ತಂತಿ ಎಳೆದು ಗೆಳೆಯರ ಮನೆಗಳಿಗೆಲ್ಲ ಟೆಲಿಫೋನ್ ಕೊಟ್ಟಿದ್ದ. ಗಾಳಿ ಬೀಸಿದ ರಾತ್ರಿ ಜೋತುಬಿದ್ದ ತಂತಿಗೆ ಸಿಕ್ಕಿ ಕುದುರೆ ಗಾಡಿಯವನು ಕೆಳಗೆ ಬಿದ್ದ ಮೇಲೆ ಆ ಟೆಲಿಫೋನ್ ಕಂಪನಿ ಮುಚ್ಚಿತಂತೆ.

ಗ್ಲಾಸ್ಗೋದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿ ವಿಶ್ವವಿದ್ಯಾಲಯ ಸೇರಿದ. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು, ಡಿಗ್ರಿ ಅಲ್ಲಿಗೇ ನಿಂತಿತು. ಸೈನ್ಯಕ್ಕೆ ಹೋದರೆ ದೇಹ ಸರಿಯಿಲ್ಲ ಎಂದು ವಾಪಸ್ ಕಳಿಸಿದರು. ವಿದ್ಯುತ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಗ ಇಂಗಾಲದ ಕಡ್ಡಿಗೆ ಭಾರಿ ಕರೆಂಟ್ ಹಾಯಿಸಿ ವಜ್ರ ಮಾಡಲು ಹೋಗಿ ಸುತ್ತಲಿನ ಕರೆಂಟೇ ಹೋಯಿತು. ಆಮೇಲೆ ಶುರುವಾದದ್ದು ವ್ಯಾಪಾರಗಳ ಸಾಲು. ಕಾಲು ಬೆಚ್ಚಗಿಡುವ ಒಳಕಾಲುಚೀಲ ಮಾರಿದ, ಸ್ವಲ್ಪ ದುಡ್ಡು ಬಂತು. ಟ್ರಿನಿಡಾಡ್ ದ್ವೀಪಕ್ಕೆ ಹೋಗಿ ಜಾಮ್ ಕುದಿಸಿದ, ಸಕ್ಕರೆ ಪಾಕಕ್ಕೆ ಹುಳಹುಪ್ಪಟೆ ಹಿಂಡುಗಟ್ಟಿ ಬಂದು ಬಿದ್ದವು. ಲಂಡನ್ನಿಗೆ ಬಂದು ಸಾಬೂನು ಮಾರಿದ. ತುಕ್ಕು ಹಿಡಿಯಬಾರದೆಂದು ಗಾಜಿನ ಬ್ಲೇಡು ಮಾಡಿ ಗಡ್ಡ ಕೆರೆಯಲು ಹೋಗಿ ಮುಖ ಕೊಯ್ದುಕೊಂಡ. ಗಾಳಿ ತುಂಬಿದ ಬೂಟು ಹಾಕಿಕೊಂಡು ನಡೆಯಲು ಹೋದ, ಬಲೂನು ಒಡೆಯಿತು. ಓದುತ್ತಾ ನಗು ಬಂತು. ಆಮೇಲೆ ನನ್ನ ಟ್ಯಾಂಕ್ ನೆನಪಾಗಿ ನಗು ನಿಂತಿತು.

1923ರಲ್ಲಿ, ಮೂವತ್ನಾಲ್ಕನೇ ವಯಸ್ಸಿನಲ್ಲಿ, ಆರೋಗ್ಯವೂ ಹೋಗಿ, ದುಡ್ಡೂ ಹೋಗಿ ಬೇರ್ಡ್ ಇಂಗ್ಲೆಂಡಿನ ದಕ್ಷಿಣ ದಂಡೆಯ ಹೇಸ್ಟಿಂಗ್ಸ್‌ಗೆ ಗಾಳಿ ಬದಲಾವಣೆಗೆಂದು ಹೋದ. ನಿಜವಾದ ಕಥೆ ಶುರುವಾಗುವುದೇ ಇಲ್ಲಿ. ಪೌಲ್ ನಿಪ್ಕೊ ಎಂಬ ಜರ್ಮನ್ ವಿದ್ಯಾರ್ಥಿ 1884ರಲ್ಲೇ ಒಂದು ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಒಂದು ದುಂಡು ತಟ್ಟೆ. ಅದರಲ್ಲಿ ಸುರುಳಿಯಾಕಾರದಲ್ಲಿ ಸಣ್ಣ ತೂತುಗಳು. ತಟ್ಟೆ ತಿರುಗಿದಾಗ ಒಂದೊಂದು ತೂತೂ ದೃಶ್ಯದ ಒಂದೊಂದು ಗೆರೆಯನ್ನು ಸವರಿಕೊಂಡು ಹೋಗುತ್ತದೆ. ಆ ಬೆಳಕು ಬೆಳಕು-ಸೂಕ್ಷ್ಮ ಸೆಲ್ಲಿನ ಮೇಲೆ ಬಿದ್ದು ಕರೆಂಟಾಗುತ್ತದೆ. ಆ ಕಡೆ ಅಂಥದ್ದೇ ತಟ್ಟೆ ಅದೇ ವೇಗದಲ್ಲಿ ತಿರುಗುತ್ತಿರಬೇಕು, ಹಿಂದೆ ಒಂದು ದೀಪ ಆ ಕರೆಂಟಿಗೆ ತಕ್ಕಂತೆ ಮಿನುಗಬೇಕು. ಕಣ್ಣು ಗೆರೆಗಳನ್ನು ಕೂಡಿಸಿ ಚಿತ್ರ ಮಾಡಿಕೊಳ್ಳುತ್ತದೆ. ಕಾಗದದ ಮೇಲೆ ಸರಳ. ಆದರೆ ನಿಪ್ಕೊ ಕಾಲದಲ್ಲಿ ಅಷ್ಟು ಕ್ಷೀಣ ಕರೆಂಟನ್ನು ಹಿಗ್ಗಿಸುವ ಸಾಧನವೇ ಇರಲಿಲ್ಲ. ಬೇರ್ಡ್ ಕಾಲಕ್ಕೆ ರೇಡಿಯೊ ವಾಲ್ವ್ ಬಂದಿತ್ತು.

ಅವನ ಸಾಮಾನು ಕೇಳಿ: ಟೀ ತುಂಬುವ ಹಳೆ ಪೆಟ್ಟಿಗೆ, ಟೋಪಿಯ ಡಬ್ಬಿ, ಬಟ್ಟೆ ಹೊಲಿಯುವ ದಬ್ಬಣ, ಸೈಕಲ್ ದೀಪದ ಗಾಜು, ಅಂಟಿಸಲು ಅರಗು, ಕಟ್ಟಲು ಹುರಿ. ಇಷ್ಟರಲ್ಲೇ 1924ರ ಆರಂಭದಲ್ಲಿ ಒಂದು ಶಿಲುಬೆಯ ನೆರಳನ್ನು ಕೆಲವು ಅಡಿ ದೂರಕ್ಕೆ ಕಳಿಸಿದ. ಅದೇ ವರ್ಷ ಸಾವಿರ ವೋಲ್ಟಿನಷ್ಟು ಶಾಕ್ ಹೊಡೆದು ಕೋಣೆಯ ಆಚೆ ಬದಿಗೆ ಹೋಗಿ ಬಿದ್ದ. ಕೈ ಸುಟ್ಟಿತು, ಜೀವ ಉಳಿಯಿತು. ಕಟ್ಟಡದ ಮಾಲೀಕ ಮಾತ್ರ ಜಾಗ ಖಾಲಿ ಮಾಡು ಅಂದ.

ಲಂಡನ್ನಿನ ಫ್ರಿತ್ ಸ್ಟ್ರೀಟ್, 22ನೇ ನಂಬರಿನ ಕಟ್ಟಡದ ಅಟ್ಟದ ಕೋಣೆಗೆ ಬಂದ. ಪ್ರಚಾರ ಸಿಕ್ಕೀತೆಂದು ಪತ್ರಿಕೆಯೊಂದರ ಕಚೇರಿಗೆ ಹೋದರೆ ಸಂಪಾದಕರು ಹುಚ್ಚನಿರಬೇಕು, ಹುಷಾರು ಎಂದು ಹೇಳಿ ಬೇರೊಬ್ಬರನ್ನು ಮಾತಾಡಿಸಲು ಕಳಿಸಿದರಂತೆ. ದೀಪಗಳ ಬಿಸಿಗೆ ಮನುಷ್ಯರು ಕೂರಲಾರರೆಂದು ಗೊಂಬೆಯ ತಲೆಯೊಂದನ್ನು ಇಟ್ಟುಕೊಂಡಿದ್ದ. 1925ರ ಅಕ್ಟೋಬರ್ 2ರಂದು ಆ ಗೊಂಬೆಯ ಮುಖ ಕಣ್ಣು, ಮೂಗು, ನೆರಳು ಸಮೇತ ಪರದೆಯಲ್ಲಿ ಮೂಡಿತು. ಬೇರ್ಡ್ ದಡದಡ ಮೆಟ್ಟಿಲಿಳಿದು, ಕೆಳಗಿನ ಆಫೀಸಿನಲ್ಲಿದ್ದ ವಿಲಿಯಂ ಟೇಂಟನ್ ಎಂಬ ಹುಡುಗನನ್ನು ಎಳೆದುಕೊಂಡು ಬಂದು ಕೂರಿಸಿದ. ಈ ಕಡೆ ಬಂದು ನೋಡಿದರೆ ಪರದೆ ಖಾಲಿ! ದೀಪದ ಶಾಖ ತಾಳಲಾರದೆ ಹುಡುಗ ಹಿಂದೆ ಸರಿದಿದ್ದ. ಅರ್ಧ ಕ್ರೌನ್ ನಾಣ್ಯ ಕೈಗಿಟ್ಟ ಮೇಲೆ ಮುಂದೆ ಬಂದು ಕೂತ. ಟಿ.ವಿ.ಯಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಒಬ್ಬನಾದ ಅವನಿಗೆ ಆಗ ಇಪ್ಪತ್ತು ವರ್ಷ. ನನಗೂ ಇಪ್ಪತ್ತು.

1926ರ ಜನವರಿ 26ರಂದು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸುಮಾರು ನಲವತ್ತು ಸದಸ್ಯರು ಆ ಅಟ್ಟಕ್ಕೆ ಬಂದರು. ಕೋಣೆ ಎಷ್ಟು ಇಕ್ಕಟ್ಟೆಂದರೆ ನಾಲ್ಕಾರು ಜನರ ತಂಡವಾಗಿ ಒಳಗೆ ಬಿಡಬೇಕಾಯಿತು. ಅವರು ಕಂಡದ್ದು ಬರೀ 30 ಗೆರೆಗಳ, ನಡುಗುವ ಚಿತ್ರ. ನಾನು ಗೆರೆ ಗೆರೆ ಬರುತ್ತದೆ ಎಂದು ಬೈಯುತ್ತಿದ್ದ ನನ್ನ ಅಗ್ಗದ ಕ್ಯಾಮೆರಾ 625 ಗೆರೆಗಳ ಚಿತ್ರವನ್ನು ಸೆಕೆಂಡಿಗೆ 25ರಂತೆ ಕಳಿಸುತ್ತದೆ!

ಮುಂದಿನ ಎರಡು ವರ್ಷ ಬೇರ್ಡ್ ಕಾಲು ನೆಲದ ಮೇಲಿರಲಿಲ್ಲ. 1927ರಲ್ಲಿ ಟೆಲಿಫೋನ್ ತಂತಿಯ ಮೂಲಕ ಲಂಡನ್ನಿನಿಂದ ಗ್ಲಾಸ್ಗೋಗೆ ಚಿತ್ರ ಹೋಯಿತು. 1928ರ ಫೆಬ್ರುವರಿಯಲ್ಲಿ ವೈರ್‌ಲೆಸ್ ಮೂಲಕ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ಹತ್ತಿರದ ಹಾರ್ಟ್ಸ್‌ಡೇಲ್‌ಗೆ ಹೋಯಿತು. ಮರುತಿಂಗಳು ನಡುಸಮುದ್ರದಲ್ಲಿ ಚಲಿಸುತ್ತಿದ್ದ ಬೆರಂಗೇರಿಯಾ ಹಡಗಿಗೆ ಚಿತ್ರ ಕಳಿಸಿದಾಗ, ಹಡಗಿನ ವೈರ್‌ಲೆಸ್ ಅಧಿಕಾರಿಗೆ ಕಂಡದ್ದು ಲಂಡನ್ನಿನಲ್ಲಿದ್ದ ಅವನ ಭಾವಿ ಹೆಂಡತಿಯ ಮುಖ. ಅದೇ ವರ್ಷ ಬಣ್ಣದ ಟಿ.ವಿ.ಯನ್ನೂ ತೋರಿಸಿದ. 1929ರಲ್ಲಿ ಬಿಬಿಸಿ ಅವನ ಪ್ರಸಾರ ಶುರು ಮಾಡಿತು. 1931ರಲ್ಲಿ ಪಿಯಾನೊ ನುಡಿಸುವ ಮಾರ್ಗರೆಟ್ ಆಲ್ಬು ಅವರನ್ನು ಮದುವೆಯಾದ.

ಆದರೆ ಅಷ್ಟರಲ್ಲಿ ಅಮೆರಿಕದಲ್ಲಿ ಫೈಲೊ ಫಾರ್ನ್ಸ್‌ವರ್ತ್ ಎಂಬ ರೈತನ ಮಗ, ಹೊಲದ ಸಾಲುಗಳನ್ನು ನೋಡಿ ಹೊಳೆದ ಉಪಾಯದಿಂದ, ತಿರುಗುವ ತಟ್ಟೆಯೇ ಇಲ್ಲದೆ ಎಲೆಕ್ಟ್ರಾನುಗಳಿಂದ ಚಿತ್ರ ಕಳಿಸಿದ್ದ. (ಕಬ್ಬಿನ ಸಾಲು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ನನಗೇನೂ ಹೊಳೆದಿಲ್ಲ.) ಇಂಗ್ಲೆಂಡಿನಲ್ಲೇ ಮಾರ್ಕೋನಿ-ಇಎಂಐ ಕಂಪನಿ ಅದೇ ದಾರಿ ಹಿಡಿದಿತ್ತು. 1936ರ ನವೆಂಬರಿನಲ್ಲಿ ಬಿಬಿಸಿ ಇಬ್ಬರಿಗೂ ವಾರ ಬಿಟ್ಟು ವಾರ ಅವಕಾಶ ಕೊಟ್ಟಿತು. ಬೇರ್ಡ್‌ನದು 240 ಗೆರೆ, ಅವರದು 405. ಗೆರೆಗಳಿಗಿಂತ ದೊಡ್ಡ ವ್ಯತ್ಯಾಸ ಇನ್ನೊಂದಿತ್ತು. ಬೇರ್ಡ್ ಕಡೆಯವರು ದೃಶ್ಯವನ್ನು ಫಿಲ್ಮಿನಲ್ಲಿ ತೆಗೆದು, ಒಂದು ನಿಮಿಷದೊಳಗೆ ರಾಸಾಯನಿಕದಲ್ಲಿ ತೊಳೆದು, ಹಸಿ ಫಿಲ್ಮನ್ನೇ ಸ್ಕ್ಯಾನ್ ಮಾಡಬೇಕಿತ್ತು. ಆ ತೊಟ್ಟಿ, ಪೈಪುಗಳ ಜೊತೆ ಕ್ಯಾಮೆರಾ ಇದ್ದ ಜಾಗದಿಂದ ಕದಲುವಂತಿರಲಿಲ್ಲ. ಇಎಂಐ ಕ್ಯಾಮೆರಾ ಚಕ್ರದ ಮೇಲೆ ಬೇಕಾದಲ್ಲಿ ಓಡಾಡುತ್ತಿತ್ತು. ನವೆಂಬರ್ 30ರ ರಾತ್ರಿ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಗೆ ಆಹುತಿಯಾದಾಗ ಅಲ್ಲಿದ್ದ ಬೇರ್ಡ್ ಕಂಪನಿಯ ಪ್ರಯೋಗಶಾಲೆಗಳೂ ಬಹುಪಾಲು ಸುಟ್ಟವು. 1937ರ ಫೆಬ್ರುವರಿಯಲ್ಲಿ ಬಿಬಿಸಿ ಅವನ ವಿಧಾನ ಕೈಬಿಟ್ಟಿತು.

ನಾನಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಅವನು ತನ್ನ ತಟ್ಟೆಯನ್ನೇ ಬಿಟ್ಟು ಎಲೆಕ್ಟ್ರಾನಿಕ್ ದಾರಿಗೆ ಬಂದ. ಯುದ್ಧದ ನಡುವೆ ಸ್ವಂತ ದುಡ್ಡು ಸುರಿದು, 1944ರಲ್ಲಿ ಪೂರ್ತಿ ಎಲೆಕ್ಟ್ರಾನಿಕ್ ಆದ ಬಣ್ಣದ ಪಿಕ್ಚರ್ ಟ್ಯೂಬ್ ಮಾಡಿ ತೋರಿಸಿದ. ಯುದ್ಧಕ್ಕೆಂದು ನಿಲ್ಲಿಸಿದ್ದ ಟಿ.ವಿ. ಪ್ರಸಾರವನ್ನು ಬಿಬಿಸಿ ಮತ್ತೆ ಆರಂಭಿಸಿದ್ದು 1946ರ ಜೂನ್ 7ಕ್ಕೆ. ವಾರ ಕಳೆದು ಜೂನ್ 14ರಂದು, ಬೆಕ್ಸ್‌ಹಿಲ್ ಎಂಬ ಊರಿನಲ್ಲಿ ಬೇರ್ಡ್ ತೀರಿಕೊಂಡ. 57 ವರ್ಷವಷ್ಟೇ ಆಗಿತ್ತು. ನಮ್ಮ ಪಕ್ಕದ ವಿಜಯಪುರ ಜಿಲ್ಲೆಯ ಹಳ್ಳಿಗಳು ಉಪಗ್ರಹದ ಮೂಲಕ ಟಿ.ವಿ. ಕಂಡಿದ್ದು 1975ರಲ್ಲಿ.

ಮಾಮಾ ಕರೆದಾಗಲೇ ಎಚ್ಚರ. ಕಾಯಿಲೆ ಸಿಕ್ಕಿತ್ತು. ಮೋಟಾರಿನ ಬ್ರಷ್‌ಗಳು ಕಿಡಿ ಹಾರಿಸುತ್ತವೆ, ಆ ಗಲಾಟೆ ಒಂದೇ ಬ್ಯಾಟರಿಯ ವೈರಿನಿಂದ ಕ್ಯಾಮೆರಾಕ್ಕೆ ಹೋಗುತ್ತಿತ್ತು. ಹಳೆ ಟಿ.ವಿ. ಬೋರ್ಡಿನಿಂದ ಕಿತ್ತ 104 ನಂಬರಿನ ಪುಟ್ಟ ಕೆಪಾಸಿಟರುಗಳನ್ನು ಎರಡೂ ಮೋಟಾರಿನ ಬಾಯಿಗೆ ಬೆಸೆದ, ಕ್ಯಾಮೆರಾಕ್ಕೆ ಬೇರೆ ಬ್ಯಾಟರಿ ಕೊಡಿಸಿದ, ಆ್ಯಂಟೆನಾವನ್ನು ಲೋಹದ ಮೈಯಿಂದ ನಾಲ್ಕು ಬೆರಳು ಮೇಲಕ್ಕೆತ್ತಿದ. ಗೆರೆಗಳು ಮಾಯ. ದುಡ್ಡು ತಗೊಳ್ಳಲಿಲ್ಲ, ಅಕ್ಕನಿಗೆ ಹೇಳಬೇಡ ಅಂದ.

ಭಾನುವಾರ ಪೈಪಿನ ಬಾಯಿಗೆ ಹೋದೆವು. ಬಿಸಿಲಿಗೆ ಸ್ಕ್ರೀನ್ ಕಾಣಲಿಲ್ಲ. ಗೋಕಾಕದಿಂದ ತಂದಿದ್ದ ಕರದಂಟಿನ ರಟ್ಟಿನ ಡಬ್ಬಿಗೆ ತೂತು ಕೊರೆದು ಸ್ಕ್ರೀನಿಗೆ ಮರೆ ಮಾಡಿದೆ. ಟೋಪಿ ಡಬ್ಬಿ ನೆನಪಾಯಿತು. ಒಳಗೆ ಸಿಗ್ನಲ್ ಹೋದರೆ ಎಳೆದುಕೊಳ್ಳಲು ಟ್ಯಾಂಕಿನ ಬಾಲಕ್ಕೆ ನೂಲಿನ ಹಗ್ಗ ಕಟ್ಟಿ ಬಿಟ್ಟೆವು. ಮೊದಲ ಸಲ ಎಲ್‌ಇಡಿ ಬೆಳಕು ಹೆಚ್ಚಾಗಿ ಬರೀ ಬಿಳಿ ಕಂಡಿತು. ದೀಪದ ಮೇಲೆ ಟೇಪ್ ಅಂಟಿಸಿ ಮತ್ತೆ ಬಿಟ್ಟೆ. ಅಪ್ಪ ಡಬ್ಬಿಗೆ ಮುಖ ಹಚ್ಚಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹಗ್ಗ ಹಿಡಿದು ಮೊಳ ಎಣಿಸತೊಡಗಿದ. ಒಂಬತ್ತನೇ ಮೊಳಕ್ಕೆ ಒಂದು ಗೊಬ್ಬರದ ಚೀಲ, ಅದರ ಹಿಂದೆ ಕೊಚ್ಚಿ ಬಂದ ಕಬ್ಬಿನ ರವದಿ. ಉದ್ದ ಬಿದಿರಿಗೆ ಕೊಕ್ಕೆ ಕಟ್ಟಿ ಸಂಜೆಯೊಳಗೆ ಎಳೆದು ತೆಗೆದರು, ರಸ್ತೆ ಅಗೆಯಲಿಲ್ಲ.

ಮಿನಿ ಪ್ರಾಜೆಕ್ಟಿನ ವರದಿ ಬರೆಯುವುದು ಬಾಕಿ ಇದೆ. ಟ್ಯಾಂಕಿನ ಎಡಗಡೆ ಚೈನಿಗೆ ಸಿಕ್ಕಿಕೊಂಡ ರವದಿ ಬಿಡಿಸುವುದೂ ಬಾಕಿ. ಪಕ್ಕದ ಹೊಲದ ಕಾಕಾ ನಿನ್ನೆ ಬಂದು, ತಮ್ಮ ಪೈಪಿಗೂ ಆ ಗಾಡಿ ಬಿಡಲು ಎಷ್ಟು ತಗೊಳ್ತಾನೆ ಎಂದು ಅಪ್ಪನನ್ನು ಕೇಳಿ ಹೋಗಿದ್ದಾರೆ.