ಸಿಡ್ನಿ ರಿಂಗರ್

ಹಿರಿಯೂರಿನ ಸಮೀಪದ ಮಾರಿಕಣಿವೆಯಲ್ಲಿ 1907ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಕಲ್ಲುಗಳನ್ನು ಬೆಸೆದಿರುವುದು ಸುಣ್ಣದ ಗಾರೆ. ಆ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಧಾತುವೇ ಹೃದಯದ ಬಡಿತಕ್ಕೂ ಆಧಾರವೆಂದು ಲೋಕಕ್ಕೆ ತೋರಿಸಿಕೊಟ್ಟವರು ಸಿಡ್ನಿ ರಿಂಗರ್.

ರಿಂಗರ್ 1835ರಲ್ಲಿ ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯ ವ್ಯಾಸಂಗ ಮಾಡಿ, ಅಲ್ಲಿಯ ಆಸ್ಪತ್ರೆಯಲ್ಲಿಯೇ ವೈದ್ಯರಾದರು. ರೋಗಿಗಳ ಸೇವೆಯ ನಡುವೆ ದೊರೆತ ಬಿಡುವನ್ನೆಲ್ಲ ಪ್ರಯೋಗಶಾಲೆಗೆ ಮೀಸಲಿಟ್ಟರು.

ದೇಹದಿಂದ ಬೇರ್ಪಡಿಸಿದ ಕಪ್ಪೆಯ ಹೃದಯವು ಲವಣದ ದ್ರಾವಣದಲ್ಲಿ ಬಹಳ ಹೊತ್ತು ಮಿಡಿಯುವುದನ್ನು ಕಂಡು, 1882ರಲ್ಲಿ ಅವರು ಲೇಖನವೊಂದನ್ನು ಪ್ರಕಟಿಸಿದರು. ಆದರೆ ಆ ದ್ರಾವಣವನ್ನು ಬಟ್ಟಿಯಿಳಿಸಿದ ನೀರಿಗೆ ಬದಲಾಗಿ ನಲ್ಲಿಯ ನೀರಿನಿಂದ ತಯಾರಿಸಲಾಗಿತ್ತೆಂಬುದು ಅನಂತರ ತಿಳಿಯಿತು. ಬಟ್ಟಿಯಿಳಿಸಿದ ನೀರನ್ನು ಬಳಸಿದಾಗ ಹೃದಯವು ಬೇಗನೆ ಸ್ತಬ್ಧವಾಯಿತು. ಹೆಸರಿಗೆ ಕುಂದು ಬಂದೀತೆಂದು ರಿಂಗರ್ ಅದನ್ನು ಮುಚ್ಚಿಡಲಿಲ್ಲ. 1883ರಲ್ಲಿ ತಮ್ಮ ತಪ್ಪನ್ನು ತಾವೇ ಬರೆದು ಪ್ರಕಟಿಸಿದರು. ನಲ್ಲಿಯ ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಬಡಿತವನ್ನು ಕಾಪಾಡಿತ್ತು!

ಮಿದುಳಿನ ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಸಾಗುವುದಕ್ಕೂ ಕ್ಯಾಲ್ಸಿಯಂ ಬೇಕೆಂಬುದು ಮುಂದೆ ಸಿದ್ಧವಾಯಿತು. ಉರಿಯೂತದಿಂದ ಅದರ ಸಮತೋಲ ಕೆಟ್ಟರೆ ನರಕೋಶಗಳಿಗೆ ಹಾನಿಯಾಗಬಹುದು. ಉರಿಯೂತವನ್ನು ಶಮನಗೊಳಿಸುವ ಔಷಧಗಳು ಆ ಸಮತೋಲದ ಮೇಲೆ ಮಾಡುವ ಪರಿಣಾಮವನ್ನು ವಿಜ್ಞಾನಿಗಳು ಇಂದು ಶೋಧಿಸುತ್ತಿದ್ದಾರೆ.

ರಿಂಗರ್ 1910ರಲ್ಲಿ ನಿಧನರಾದರು. ಚಿತ್ರದುರ್ಗದ ಆಸ್ಪತ್ರೆಯಲ್ಲಾಗಲಿ ಹೊಳಲ್ಕೆರೆಯ ಆಸ್ಪತ್ರೆಯಲ್ಲಾಗಲಿ, ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಯುವ ರಿಂಗರ್ ಲ್ಯಾಕ್ಟೇಟ್ ದ್ರಾವಣದಲ್ಲಿ ಅವರ ಹೆಸರು ಉಳಿದಿದೆ. ಅದರ ಮೂಲದಲ್ಲಿರುವುದು ತಪ್ಪನ್ನು ಒಪ್ಪಿಕೊಂಡ ಒಬ್ಬ ವಿಜ್ಞಾನಿಯ ಸತ್ಯನಿಷ್ಠೆ.